ತಮಟೆ ಕಾಯಿಸಿದವನು

ನಾನು ಮುಂಗೋಪಿ. ಅಪ್ಪ ಆಂಜಿನಪ್ಪ ಬದುಕಿದ್ದಾಗ ದಿನಕ್ಕೆರಡು ಸಲ ಬುದ್ಧಿ ಹೇಳುತ್ತಿದ್ದ, ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದರ ಫಲ ಅನುಭವಿಸಿದವನು ಮಾತ್ರ ಸೆಲ್ವರಾಜ್.

ಸೆಲ್ವರಾಜ್ ಕೋಲಾರದ ಚಿನ್ನದ ಗಣಿಯವನು, ಮೈಸೂರು ಮೈನ್ಸಿನ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದವನು. ಗಿಟಾರ್ ಹಿಡಿದು ಬ್ಲೂಸ್ ಹಾಡಿದರೆ ಮೈ ಜುಂ ಅನ್ನುತ್ತಿತ್ತು. ನಮ್ಮ ಬ್ಯಾಂಡಿನಲ್ಲಿ ವನಿತಾ ಬೇಸ್ ಗಿಟಾರ್ ನುಡಿಸುತ್ತಿದ್ದಳು. ನಾನು ಬೂದಿಕೋಟೆಯ ವಿಜಯಕುಮಾರ್, ಡ್ರಮ್ಸ್ ನನ್ನದು; ಜೊತೆಗೆ ಅಪ್ಪ ಬಿಟ್ಟುಹೋದ ತಮಟೆ. ರಾಬರ್ಟ್‌ಸನ್‌ಪೇಟೆಯ ಒಂದು ಮದುವೆಯಲ್ಲಿ ಗಿಟಾರಿಗೂ ತಮಟೆಗೂ ಜಟಾಪಟಿ ಬಿದ್ದ ವಿಡಿಯೋ ಎಲ್ಲರ ಫೋನಿಗೂ ಹೋಯಿತು. ಒಂದೇ ವರ್ಷದಲ್ಲಿ ಕೋಲಾರ, ಬೆಂಗಳೂರು, ಚೆನ್ನೈ ಸುತ್ತಿದೆವು. ಹೋದಲ್ಲೆಲ್ಲ ಜನ ಬಟ್ಟೆ ಹರಿದುಕೊಂಡು ಕುಣಿದರು, ನಮ್ಮ ತಲೆಯೂ ತಿರುಗಿತು.

ಆಮೇಲೆ ಬೆಂಗಳೂರಿನಿಂದ ಒಬ್ಬ ಮ್ಯಾನೇಜರ್ ಬಂದ. ತಮಟೆ ಸಾವಿನ ಮನೆಯ ವಾದ್ಯ, ಅದನ್ನು ಬಿಟ್ಟರೆ ರೆಕಾರ್ಡಿಂಗ್ ಮಾಡಿಸುತ್ತೇನೆ ಅಂದ. ಬಂಗಾರಪೇಟೆಯಲ್ಲಿ ಶೋ ಇದ್ದ ದಿನ ಬೆಳಗ್ಗೆ ಸೆಲ್ವರಾಜ್, "ಮಚ್ಚಾ, ಒಂದ್ ಸಲ ಯೋಚ್ನೆ ಮಾಡು ಕಣ್ಲಾ," ಎಂದ. ಅಷ್ಟೇ. ಕಾಲರ್ ಹಿಡಿದು ಅವನನ್ನು ವ್ಯಾನಿಗೆ ಅಪ್ಪಳಿಸಿದೆ. ಅವನು ನನ್ನ ತುಟಿ ಒಡೆದ. ಬಿಡಿಸಲು ಬಂದ ವನಿತಾಳಿಗೂ ಏಟು ಬಿತ್ತು.

"ನಮ್ಮಪ್ಪನ್ ತಮಟೆ ಇಲ್ದಿದ್ರೆ ನಾನೂ ಇಲ್ಲ ಕಣ್ಲಾ!" ಎಂದು ಕೂಗಿ, ತಮಟೆ ಸಮೇತ ಎಲ್ಲವನ್ನೂ ಅಲ್ಲೇ ಬಿಟ್ಟು, ಫೋನ್ ಆಫ್ ಮಾಡಿ ರೈಲ್ವೆ ಸ್ಟೇಷನ್ನಿನಲ್ಲಿ ಹೋಗಿ ಕೂತೆ.

ತಮಟೆಯನ್ನು ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಚರ್ಮ ಬಿಗಿಯಾದರೇನೇ ನಾದ. ದೂರದಿಂದ, ತಿರುಗಿಸುತ್ತ, ಬೆರಳಲ್ಲಿ ತಟ್ಟಿ ನೋಡುತ್ತ ಕಾಯಿಸಬೇಕು. ಆ ಕೆಲಸವನ್ನು ನಾನು ಯಾರ ಕೈಗೂ ಕೊಟ್ಟವನಲ್ಲ, ಯಾರಿಗೂ ಹೇಳಿಕೊಟ್ಟವನೂ ಅಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಮನಸ್ಸು ತಡೆಯದೆ ವಾಪಸ್ ಬಂದೆ. ವೇದಿಕೆಯ ಹಿಂದೆ ಹುಲ್ಲು ಧಗಧಗ ಉರಿಯುತ್ತಿತ್ತು. ಸೆಲ್ವರಾಜ್ ತಮಟೆಯನ್ನು ಉರಿಗೇ ಹಿಡಿದು ಕೂತಿದ್ದ. ನನ್ನ ಕಣ್ಣೆದುರೇ ಚರ್ಮ ಕಪ್ಪಗಾಗಿ ಪಟ್ಟೆಂದು ಹರಿಯಿತು.

"ಸುಟ್ಬುಟ್ಯಲ್ಲೋ ನನ್ಮಗನೆ!"

ಅವನು ಏನೋ ಹೇಳಲು ಬಾಯಿ ತೆರೆದ. ಆ ಬಾಯಿಗೇ ಒದ್ದೆ. ತಮಟೆ ಕಿತ್ತುಕೊಂಡು, ಕೆಳಗೆ ಬಿದ್ದವನ ಎಡಗೈ ಮೇಲೆ ಅದರ ಕಬ್ಬಿಣದ ಬಳೆಯಿಂದ ಹೊಡೆದೆ. ಮತ್ತೆ ಹೊಡೆದೆ. ಮೂಳೆ ಮುರಿದದ್ದು ಕಿವಿಗೆ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತು.

ವನಿತಾ ನನ್ನ ಜುಟ್ಟು ಹಿಡಿದು ಎಳೆದಳು. "ನಿನಗೇ ಕಾಯಿಸ್ತಿದ್ದ ಕಣೋ ಪಾಪಿ! ತಮಟೆ ಇಲ್ದಿದ್ರೆ ರೆಕಾರ್ಡಿಂಗೂ ಬ್ಯಾಡ ಅಂತ ಆ ಮ್ಯಾನೇಜರ್‌ನ ಓಡಿಸ್ದ. ಶೋ ಬೇಗ ಶುರು ಮಾಡಿ ಅಂದ್ರು, ನಿನ್ ಫೋನ್ ನೋಡಿದ್ರೆ ಆಫು. ನೀನು ಬರೋ ಒತ್ಗೆ ರೆಡಿ ಇರ್ಲಿ ಅಂತ ಇಡ್ಕೊಂಡ್ ಕೂತ್ನಲ್ಲೋ!"

ನನ್ನ ಕೈಯಿಂದ ತಮಟೆ ಜಾರಿತು. ಸೆಲ್ವರಾಜ್ ಮುರಿದ ಬೆರಳುಗಳನ್ನು ಎದೆಗೆ ಅವುಚಿಕೊಂಡು ಅಮ್ಮಾ, ಅಮ್ಮಾ ಎಂದು ನರಳುತ್ತಿದ್ದ.

ಮೂರು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಗಿಟಾರಿನ ತಂತಿ ಒತ್ತುವ ಅವನ ಎಡಗೈಯ ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕಾಲು ಹಿಡಿದು ಅತ್ತೆ.

"ಎಷ್ಟೊತ್ತು ಕಾಯಿಸ್ಬೇಕಿತ್ಲಾ?" ಎಂದ ಸೆಲ್ವರಾಜ್.

ಹೇಳಿದೆ.

"ನಾನು ಕೇಳಿದ್ರೆ ನೀನು ಏಳ್ಕೊಡ್ತಿದ್ದೆ, ಅಲ್ವಾ?" ಗೋಡೆಯ ಕಡೆ ಮುಖ ತಿರುಗಿಸಿದ. "ಒಡೆಯೋಕ್ ಮುಂಚೆ ನೀನೂ ಒಂದ್ ಮಾತು ಕೇಳ್ಬೋದಿತ್ತು. ಓಗು."