ಸೆರಗಿನಡಿಯ ನೋವು

ಶೇವಂತಾಳ ಗರ್ಭಕೋಶ ತೆಗೆದ ಆಸ್ಪತ್ರೆಯವರು ಆಮೇಲೆ ಅವಳಿಗೆ ನೋವಿನ ಸೂಜಿ ಹಾಕಲಿಲ್ಲ.

ಇನ್ನೂ ಇಪ್ಪತ್ತೇಳರ ಹೆಣ್ಣು. ಕಬ್ಬು ಕಡಿಯುವಾಗ ಮುಟ್ಟು ಅಡ್ಡ ಬರಬಾರದೆಂದು ಕೂಲಿಯವರ ಟೋಳಿಯ ಮೇಸ್ತ್ರಿ, ಮುಕಾದಮ ಧೋಂಡಿಬಾ ಕರೆತಂದು ತೆಗೆಸಿದ್ದ. ಅವನೇ ಅವಳ ಮಾವ. ಮಂಚದ ಕಾಲ್ದೆಸೆಗೆ ಸ್ಟೂಲ್ ಹಾಕಿಕೊಂಡು ಕೂತವನು ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಮಾವನೆದುರು ಸೊಸೆ ಮುಖ ತೋರುವಂತಿಲ್ಲ, ದನಿ ತೆಗೆಯುವಂತಿಲ್ಲ. ಶೇವಂತಾ ಸೆರಗನ್ನು ಮುಖದ ಮೇಲೆ ಗದ್ದದ ತನಕ ಎಳೆದುಕೊಂಡು ಮಲಗಿದ್ದಳು.

ನೆಗೆಣ್ಣಿ ಗಯಾಬಾಯಿ ತಾನೂ ಮುಸುಕು ಹಾಕಿಕೊಂಡು ನೆಲದ ಮೇಲೆ ಕೂತು ಅವಳ ಕೈ ಹಿಡಿದಿದ್ದಳು. ಶೇವಂತಾಳ ಉಗುರುಗಳು ಗಯಾಳ ಅಂಗೈಯಲ್ಲಿ ನೆಟ್ಟಿದ್ದವು. ಹಿಂದೊಮ್ಮೆ ಇದೇ ವಾರ್ಡಿನಲ್ಲಿ ಗಯಾಳ ಹೊಟ್ಟೆಯನ್ನೂ ಕೊಯ್ದಿದ್ದರು. ಆಗಲೂ ಆ ಸ್ಟೂಲಿನ ಮೇಲೆ ಅವನೇ.

ಪಕ್ಕದ ಮಂಚದ ಪೇಟೆಯ ಹೆಂಗಸು ಕೇಳಿದಳು: "ಏ ಗಯಾ, ಅಕಿ ಬಾಯಿಗೂ ಹೊಲಿಗಿ ಹಾಕ್ಯಾರೇನ? ನಾ ಯವ್ವಾ ಅಂದೆ, ಸೂಜಿ ಓಡಿ ಬಂತು. ಇಲ್ಲಿ ಚೀರಿದವರಿಗಷ್ಟ ಔಷಧ."

"ಮಾಮಂಜಿ ಕುಂತಾರಲ್ಲಕ್ಕಾ," ಗಯಾ ಪಿಸುಗುಟ್ಟಿದಳು.

"ಕುಂದರ್ಲಿ. ಕೊಯ್ದಿದ್ದು ಅವರ ಹೊಟ್ಟೀನೇನು?"

ಡಾಕ್ಟರು ಸಿಸ್ಟರ್ ಜೊತೆ ಬಂದರು. "ಏನವಾ, ನೋವೈತೇನು?"

ಸೆರಗು ಅಲುಗಲಿಲ್ಲ.

"ಎಂಥಾದ್ದೂ ಇಲ್ರೀ ಸಾಹೇಬ್ರ," ಧೋಂಡಿಬಾ ಮೀಸೆಯಡಿ ನಕ್ಕ. "ನಮ್ಮ ಹೆಣ್ಮಕ್ಕಳು ಗಟ್ಟಿ. ಬರೋ ಸೋಮವಾರ ಕಬ್ಬಿನ ಫಡಕ್ಕ ಇಳಸ್ತೀನಿ."

"ನೋಡ್ರಿ ಸಿಸ್ಟರ್, ಹಿಂಗಿರಬೇಕು. ಸೂಜಿ ಬ್ಯಾಡ ಬಿಡ್ರಿ," ಎಂದರು ಡಾಕ್ಟರು.

ಚೀರಲು ಬಿಟ್ಟವರಿಗೆ ಔಷಧ. ಚೀರಬಾರದೆಂದು ಬೆಳೆಸಿದವರಿಗೆ ಹೊಗಳಿಕೆ. ಆ ಹೊಗಳಿಕೆಯನ್ನು ಹೋದ ಸಲ ಗಯಾಳೂ ತಿಂದಿದ್ದಳು, ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿಕೊಂಡು.

ಡಾಕ್ಟರು ಬೆನ್ನು ತಿರುಗಿಸಿದ್ದೇ ಗಯಾ ಎದ್ದಳು. ಶೇವಂತಾಳ ಮುಖದ ಮೇಲಿನ ಸೆರಗನ್ನು ಸರ್‍ರನೆ ಎಳೆದಳು.

"ಸಾಹೇಬ್ರ, ಇಲ್ಲಿ ನೋಡ್ರಿ!"

ಕಚ್ಚಿ ಕಚ್ಚಿ ಹರಿದ ಕೆಳತುಟಿ. ಗದ್ದಕ್ಕಿಳಿದು ಒಣಗಿದ ರಕ್ತ. ಬೆವರಲ್ಲಿ ತೊಯ್ದ ಕೂದಲು. ನೋವಿಗೆ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಸಿಸ್ಟರ್ ಟ್ರೇ ಕೆಳಗಿಟ್ಟು ಹತ್ತಿರ ಬಂದಳು.

ಧೋಂಡಿಬಾ ಸ್ಟೂಲ್ ಒದ್ದು ಎದ್ದ. "ಮುಚ್ಚಽ ಅದನ್ನ! ಮಾನಗೇಡಿ! ಮಾವ ನಿಂತೀನಿ, ಕಾಣ್ಸೂದಿಲ್ಲೇನು?"

ಮದುವೆಯಾಗಿ ಬಂದಂದಿನಿಂದ ಗಯಾ ಅವನೊಂದಿಗೆ ಒಂದು ಮಾತೂ ಆಡಿದವಳಲ್ಲ. ಈಗ ತನ್ನ ಮುಸುಕನ್ನೂ ಹಿಂದಕ್ಕೆ ತಳ್ಳಿ ಅವನ ಮುಖವನ್ನೇ ನೋಡಿದಳು.

"ಮುಚ್ಚಂಗಿಲ್ಲ ಮಾಮಂಜಿ."