ಕೆಂಪಾದ ಭಂಡಾರ

ಸಕ್ಕುಬಾಯಿಗೆ ಸಿಟ್ಟು ಬಂದರೆ ಅಡುಗೆಮನೆಯ ಪಾತ್ರೆಗಳೂ ಸದ್ದು ಮಾಡಲು ಹೆದರುತ್ತವೆ ಎಂದು ತಡವಳ ಊರಿನ ಹೆಂಗಸರು ನಗಾಡುತ್ತಿದ್ದರು. ಆ ವಾರ ಯಾರೂ ನಗಲಿಲ್ಲ. ಅವಳ ಸೊಸೆ ರೇವಮ್ಮನನ್ನು ಭಂಡಾರಕವಠೆಯ ತವರಿಗೆ ಅಟ್ಟುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವನು ಸಕ್ಕುಬಾಯಿಯ ಗಂಡ, ಕುರಿಗಾರರ ದೇವರು ಬೀರೋಬಾನ ಪೂಜಾರಿ ಮಲಕಾಜಪ್ಪ.

ಆದದ್ದು ಇಷ್ಟೇ. ಬೀರೋಬಾನಿಗೆ ಹೊದಿಸುವ ಬಿಳಿ ಶಾಲಿಗೆ ಭಕ್ತರು ಎರಚಿದ ಭಂಡಾರ, ಅಂದರೆ ಅರಿಸಿನದ ಪುಡಿ, ದಪ್ಪಗೆ ಮೆತ್ತಿಕೊಂಡಿರುತ್ತದೆ. ಅದನ್ನು ಹಳ್ಳದ ಬರೀ ನೀರಿನಲ್ಲಿ ಜಾಲಾಡಿಸುವುದು ರೂಢಿ. ಸಾಬೂನು ತಾಗಿಸುವಂತಿಲ್ಲ, ಕಲ್ಲಿಗೆ ಬಡಿಯುವಂತಿಲ್ಲ. ಈ ಸಲ ಶಾಲಿನ ಅಂಚಿಗೆ ದೀಪದ ಎಣ್ಣೆ ಹತ್ತಿತ್ತು. ದೇವರ ಮೈಮೇಲೆ ಎಣ್ಣೆಯ ಕಲೆ ಯಾಕೆ ಎಂದುಕೊಂಡ ರೇವಮ್ಮ, ಕುರಿಯ ಉಣ್ಣೆ ತೊಳೆಯಲು ಗಂಡ ಧೂಳಪ್ಪ ಸೊಲ್ಲಾಪುರದಿಂದ ತಂದಿದ್ದ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ, ಶಾಲನ್ನು ಅದರಲ್ಲಿ ಅದ್ದಿದಳು. ನೋಡನೋಡುತ್ತಿದ್ದಂತೆ ಹಳದಿಯೆಲ್ಲ ನೆತ್ತರಿನ ಹಾಗೆ ಕೆಂಪಾಯಿತು.

ಮಲಕಾಜಪ್ಪ ಆ ಶಾಲನ್ನು ಹಾಗೆಯೇ ಹಿಂಡಿಸಿ ಗುಡಿಯ ಕಂಬಕ್ಕೆ ತೂಗುಹಾಕಿದ. ಸೊಂಟದ ಡಬ್ಬಿಯಿಂದ ಸುಣ್ಣ ತೆಗೆದು ತಂಬಾಕಿಗೆ ತಿಕ್ಕುತ್ತ ಪಂಚರಿಗೆ ಹೇಳಿದ: "ದೇವರು ಮುನಿದಾನ. ಈಕಿ ಕೈಯಾಗ ಭಂಡಾರ ರಕ್ತ ಆಗೇದ. ಈಕಿ ಮನ್ಯಾಗ ಇದ್ದರ ಕುರಿ ಉಳ್ಯಾಂಗಿಲ್ಲ." ಪಂಚರು ತಲೆದೂಗಿದರು. ಧೂಳಪ್ಪ ಹೆಬ್ಬೆರಳಿನಿಂದ ನೆಲ ಕೆರೆದ. ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ ಅದೊಂದೇ ಎಂದು ಅವ್ವ ಸಕ್ಕುಬಾಯಿಗೆ ಮೈಯೆಲ್ಲ ಉರಿಯಿತು.

ಮುನಿದದ್ದು ದೇವರಲ್ಲ, ಮಲಕಾಜಪ್ಪನ ತಂಗಿ ಗಿರಿಜಾಬಾಯಿ. ತನ್ನ ಮಗಳನ್ನು ಬಿಟ್ಟು ಹೊರಗಿನಿಂದ ಹೆಣ್ಣು ತಂದರೆಂದು ಅವಳು ಧೂಳಪ್ಪನ ಮದುವೆಗೂ ಬಂದಿರಲಿಲ್ಲ. ಶಾಲು ಕೆಂಪಾದ ಮೂರನೆಯ ದಿನವೇ, ಮಗಳನ್ನು ಧೂಳಪ್ಪನಿಗೆ ಕೊಡಲು ಕರಕೊಂಡು ಬಾ ಎಂದು ಅವಳಿಗೆ ಕರೆ ಹೋಯಿತು.

ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ಊರಿನ ಯಾವ ಹೆಂಗಸಿಗೆ ಗೊತ್ತಿರಲಿಲ್ಲ? ಮದುಮಗಳು ಹೊಸ್ತಿಲಿಗೆ ಬಂದಾಗ ನಿವಾಳಿಸುವ ಕೆಂಪು ನೀರನ್ನು ಕಲಸುವವರು ಅವರೇ ಅಲ್ಲವೇ? ಗೊತ್ತಿದ್ದೂ ಎಲ್ಲರ ಬಾಯಿಗೆ ಬೀಗ ಬಿದ್ದಿತ್ತು. ಆದರೆ ಇದು ಸುಣ್ಣವಲ್ಲ, ಸೋಡಾ. ಸಂಶಯ ಉಳಿಯಬಾರದೆಂದು ಸಕ್ಕುಬಾಯಿ ಸಾಲೆಗೆ ಹೋಗಿ ನಾಗಣ್ಣ ಮಾಸ್ತರನನ್ನು ಕೇಳಿದಳು.

"ಸುಣ್ಣ ಆಗಲಿ ಸೋಡಾ ಆಗಲಿ, ಎರಡೂ ಕ್ಷಾರ," ಎಂದ ಮಾಸ್ತರ. "ಕ್ಷಾರ ತಾಗಿದ್ರ ಅರಿಸಿಣ ಕೆಂಪಾಗ್ತದ. ನಿಂಬಿಹಣ್ಣಿನ ರಸ ಆಮ್ಲ. ಅದು ಬಿತ್ತಂದ್ರ ಕ್ಷಾರದ ಜೋರು ಮುರೀತದ, ತಿರುಗಿ ಹಳದಿ ಆಗ್ತದ. ಸೋಡಾಕ್ಕ ಹುಳಿ ಕೂಡಿದ್ರ ಗಾಳಿ ಹುಟ್ಟಿ ಗುಳ್ಳಿ ಏಳ್ತಾವ. ಅಕ್ಕಲಕೋಟ ಪ್ಯಾಟ್ಯಾಗ ಸೋಡಾಬಾಟ್ಲಿ ಒಡದ್ರ ಬುಸ್ಸ್ ಅಂತದಲ್ಲ, ಅದ ಗಾಳಿ."

"ಇಷ್ಟ ಮಾತು ಪಂಚರ ಮುಂದ ಹೇಳ್ರಿ ಮಾಸ್ತರ್ರ. ಒಂದು ಹುಡುಗಿ ಬಾಳೇವು ಉಳೀತದ."

ಮಾಸ್ತರ ಟೋಪಿ ಸರಿಮಾಡಿಕೊಂಡ. "ನಾ ನೌಕರಿ ಮನಷ್ಯಾ ಸಕ್ಕುಬಾಯಿ. ದೇವರ ಕೆಲಸದಾಗ ನನಗ್ಯಾಕ ಬೇಕು."

ಮಕ್ಕಳ ಮುಂದೆ ಬಾಯಿ ಹರಿದುಕೊಂಡು ಹೇಳುವ ಪಾಠ ದೊಡ್ಡವರ ಮುಂದೆ ಗಂಟಲಿನಿಂದ ಈಚೆಗೆ ಬರುವುದಿಲ್ಲವಲ್ಲ ಎಂದು ಅವಳಿಗೆ ರೇಗಿಹೋಯಿತು. ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಬಂದಳು.

ಗಿರಿಜಾಬಾಯಿ ಮಗಳನ್ನು ಸಿಂಗರಿಸಿಕೊಂಡು ಬಂದ ದಿನ ಅಂಗಳದ ತುಂಬ ಜನ. ರೇವಮ್ಮನ ಗಂಟು ಕೊಟ್ಟಿಗೆಯ ಬಾಗಿಲಲ್ಲಿತ್ತು, ಪಕ್ಕದಲ್ಲಿ ರೇವಮ್ಮ ಕೂತಿದ್ದಳು. ಅತ್ತೂ ಅತ್ತೂ ಅವಳ ಮುಖ ಬಾತಿತ್ತು.

"ಹುಡುಗಿಗಿ ಕೆಂಪು ನೀರು ನಿವಾಳಿಸಿ ಒಳಗ ಕರಕೊ," ಎಂದ ಮಲಕಾಜಪ್ಪ.

ಸಕ್ಕುಬಾಯಿ ತಾಟು ತಂದಳು. ಅದರಲ್ಲಿದ್ದದ್ದು ಹಳದಿ ನೀರು. ಗಂಡನ ಮುಂದೆ ಕೈಚಾಚಿದಳು. "ನಿಮ್ಮ ಡಬ್ಬಿ ಕೊಡ್ರಿ."

ಜನರ ನಡುವೆ ಬೇಡವೆನ್ನಲಾಗದೆ ಅವನು ಕೊಟ್ಟ. ಅವಳು ಬೆರಳ ತುದಿಯಷ್ಟು ಸುಣ್ಣ ತೆಗೆದು ನೀರಿಗೆ ಕದಡಿದಳು. ತಾಟು ಕೆಂಪಾಯಿತು.

"ನೋಡ್ರಿ ಎಲ್ಲಾರೂ," ಎಂದಳು ಸಕ್ಕುಬಾಯಿ. "ಬೀರೋಬಾ ಈಕಿ ಮ್ಯಾಲೂ ಮುನಿದಾನ. ಈಕಿನೂ ತವರಿಗಿ ಕಳಸರಿ. ಇಲ್ಲಾ, ರೇವಮ್ಮಂದೂ ತಪ್ಪಿಲ್ಲ ಅನ್ನರಿ."

"ವೈನಿ, ಏನ ಮಾತಾಡ್ತಿ," ಎಂದು ಅತ್ತಿಗೆಯನ್ನು ಗದರಿ ಗಿರಿಜಾಬಾಯಿ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು.

ಸಕ್ಕುಬಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಡಿಯ ಕಂಬದಿಂದ ಮುಂಜಾನೆಯೇ ಬಿಚ್ಚಿ ತಂದಿದ್ದ ಶಾಲನ್ನು ಕಟ್ಟೆಯ ಮೇಲೆ ಹರವಿ ನಿಂಬೆಹಣ್ಣು ಹಿಂಡಿದಳು. ಸಣ್ಣ ಗುಳ್ಳೆಗಳು ಎದ್ದವು. ರಸ ಬಿದ್ದಲ್ಲೆಲ್ಲ ನೆತ್ತರು ಹೋಗಿ ಭಂಡಾರ ಬಂತು. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲಕಾಜಪ್ಪ ಹಲ್ಲು ಕಚ್ಚಿ, "ನನಗೇನು ಗೊತ್ತಿಲ್ಲೇನು? ಸುಮ್ಮ ಒಳಗ ನಡಿ," ಎಂದ.

ಮೆಲ್ಲಗೆ ಅಂದದ್ದಾದರೂ ಅಂಗಳಕ್ಕೆಲ್ಲ ಕೇಳಿಸಿತು. ಅವನು ಮತ್ತೆ ತಲೆಯೆತ್ತಲಿಲ್ಲ.

ರೇವಮ್ಮ ಎದ್ದು ಬಂದಳು. ಮಾವನನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ಅವಳು ನೋಡಿದ್ದು ಅತ್ತೆಯನ್ನು.

"ಅತ್ತಿ, ನಾ ಈ ಮನಿಗಿ ಬಂದಾಗ ಕೆಂಪು ನೀರು ಕಲಸಿದಾಕಿ ನೀವ. ಶಾಲು ಕೆಂಪಾದ ದಿನಾನೇ ನಿಮಗ ಗೊತ್ತಿತ್ತಲ್ಲರಿ?"

ಗಂಡನ ಮೇಲೆ, ಮಗನ ಮೇಲೆ, ಮಾಸ್ತರನ ಮೇಲೆ ಇಷ್ಟು ದಿನ ಕಾರಿದ ಸಿಟ್ಟೆಲ್ಲ ತಿರುಗಿ ಸಕ್ಕುಬಾಯಿಯ ಎದೆಗೇ ಬಂದು ಬಡಿಯಿತು. ಸೊಸೆ ಕೊಟ್ಟಿಗೆಯಲ್ಲಿ ಅಳುವಾಗ ತಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ ಎಂಬುದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಗೊತ್ತಿತ್ತವ್ವಾ," ಎಂದಳು.

ರೇವಮ್ಮ ಗಂಟು ಎತ್ತಿಕೊಂಡಳು. "ನಾ ಹೋಗ್ತೀನರಿ. ಯಾರೂ ಅಟ್ಟೂದು ಬ್ಯಾಡ."

ಅವಳು ಊರಬಾಗಿಲಾದ ಅಗಸಿಯ ತನಕ ನಡೆದಿದ್ದಳು. ಸಕ್ಕುಬಾಯಿ ಮಗನ ಕಡೆ ತಿರುಗಿದಳು. "ನೆಲ ಕೆರದದ್ದು ಸಾಕು ಧೂಳಪ್ಪಾ. ಬಂಡಿ ಹೂಡು. ನಾನೂ ಭಂಡಾರಕವಠಿಗಿ ಹೊಂಟೀನಿ. ಆಕಿ ಅವ್ವ ಅಪ್ಪನ ಮುಂದ ಈಗ ಆಡಿದ ಮಾತು ಆಡಬೇಕು. ಆಮ್ಯಾಲ ಆಕಿ ತಿರುಗಿ ಬಂದ್ರ ಬಂದಾಳು, ಬಿಟ್ರ ಬಿಟ್ಟಾಳು."

ಗಂಡನ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ, ಸೆರಗು ಬಿಗಿದುಕೊಂಡು ಸೊಸೆಯ ಹಿಂದೆ ನಡೆದಳು.