ಮಣಿಕಟ್ಟಿನ ಪಟ್ಟಿ

ಅಂಗಿಯ ತೋಳಿನೊಳಗೆ ಬಲಗೈ ಹೋಗಲೊಲ್ಲದು. ಗಡಿಯಾರ ರಿಪೇರಿಯವನು ಸತ್ತ ಭಾವನ ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ತೋಳಿನ ತುದಿಯಿಂದ ತನ್ನ ಕೈ ತೂರಿಸಿ, ಆ ಕೈಯನ್ನು ಹಿಡಿದು ಮೆಲ್ಲಗೆ ಎಳೆದುಕೊಂಡ. ಬಂತು. ಹಿಡಿದದ್ದನ್ನು ಬಿಡಲು ಮಾತ್ರ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಇದನ್ನೂ ಅವರೇ ಹೊಲ್ಕೊಂಡಿದ್ದು,” ಎಂದ ಇಸ್ತ್ರಿಯವನು, ಕಾಲರ್ ಸರಿಮಾಡುತ್ತ. “ಕಣ್ಣು ಪೂರ್ತಿ ಹೋದ ಮೇಲೆ ಹೊಲಿದದ್ದು ಅಂದ್ರೆ ಯಾರು ನಂಬ್ತಾರೆ? ಟೈಲರಣ್ಣನ ಹೊಲಿಗೆ ಬಿಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಓಟದ ದಿನ.”

ಬಾಗಿಲ ಬಳಿ ಕೂತಿದ್ದ ಮೇಷ್ಟ್ರು ನಕ್ಕರು. ಸಾವಿನ ಮನೆಯಲ್ಲಿ ನಗಬಹುದಾದ ಮಾತು ಅದೊಂದೇ ಇತ್ತು. ಬೆಳಗಿನಿಂದ ಬಂದವರೆಲ್ಲ ಅದನ್ನೇ ಆಡುತ್ತಿದ್ದರು.

“ನಾನೂ ಕೇಳಿದ್ದೆ. ‘ಮೇಷ್ಟ್ರೇ, ಊರವರ ಬಟ್ಟೆಗೆಲ್ಲ ಗಟ್ಟಿ ದಾರ ಹಾಕಿ, ನನ್ನದಕ್ಕೆ ಲಡ್ಡಾದ ದಾರ ಹಾಕ್ಕೊಂಡೆ’ ಅಂದ. ಇರಲಿ, ಇಂಥ ಭಾವಮೈದುನ ಸಿಕ್ಕಿದ್ದು ಅವನ ಪುಣ್ಯ. ಕಣ್ಣಾಗಿದ್ದ.”

ಗಡಿಯಾರದವನು ತಲೆಯೆತ್ತದೆ ಗುಂಡಿ ಹಾಕುತ್ತಲೇ ಇದ್ದ.

*

ವಯಸ್ಸು ಐವತ್ತರ ಹತ್ತಿರ ಬಂದಾಗ ಟೈಲರನ ಕಣ್ಣು ಮಂಜಾಗತೊಡಗಿತು. ಓಡುವ ಹುಚ್ಚು ಹಿಡಿದದ್ದೂ ಆಗಲೇ. ಊರಿನಿಂದ ಹೊಳೆಯ ಸೇತುವೆ ಮುಟ್ಟಿ ಹಿಂದಿರುಗುವ ದೂರದ ಓಟವೊಂದು ವರ್ಷಕ್ಕೊಮ್ಮೆ ನಡೆಯುತ್ತಿತ್ತು.

“ಜೀವಮಾನವೆಲ್ಲ ಮೆಷಿನ್ ತುಳಿದೆ ಕಣೋ. ಅಷ್ಟು ತುಳಿದ್ರೂ ಇದ್ದಲ್ಲೇ ಇದ್ದೀನಿ, ಮುಂದೆ ಹೋದದ್ದು ಬಟ್ಟೆ ಮಾತ್ರ. ಒಂದ್ಸಲ ಈ ಕಾಲಿಗೂ ದಾರಿ ತೋರಿಸ್ಬೇಕು,” ಎಂದಿದ್ದ ಟೈಲರ್.

ಕ್ಯಾನ್ವಾಸಿನ ಪಟ್ಟಿಯೊಂದನ್ನು ಕತ್ತರಿಸಿ, ಎರಡು ತುದಿಗೂ ಮಣಿಕಟ್ಟು ತೂರುವಷ್ಟು ಕುಣಿಕೆ ಹೊಲಿದ. ಒಂದು ತನಗೆ, ಇನ್ನೊಂದು ಹೆಂಡತಿಯ ತಮ್ಮನಿಗೆ. “ಗಂಟು ಬಿಚ್ಚಿಹೋಗುತ್ತೆ. ಹೊಲಿಗೆ ಹೋಗಲ್ಲ.”

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೊರಡುತ್ತಿದ್ದರು. ದಾರಿಯನ್ನು ಬಾಯಲ್ಲಿ ಹೇಳುತ್ತ ಓಡುವುದು ಗಡಿಯಾರದವನ ಕೆಲಸ. ಎಡಕ್ಕೆ. ಗುಂಡಿ. ಇಳಿಜಾರು. ಅವನ ಕಾಲು ಚುರುಕು, ಭಾವನದು ನಿಧಾನ. ಪಟ್ಟಿ ಆಗಾಗ ಬಿಗಿಯುತ್ತಿತ್ತು.

“ಮಾತಿಗೆ ಒಂದಿಷ್ಟು ಉಸಿರು ಉಳಿಸ್ಕೊಂಡು ಓಡಪ್ಪ,” ಎನ್ನುತ್ತಿದ್ದ ಟೈಲರ್. “ಮಾತು ನಿಂತ್ರೆ ಪಕ್ಕದವನನ್ನ ಮರೆತೆ ಅಂತ. ದೇವರೇನು ದಾರಿ ಮುಗಿಯೋ ಕಡೆ ಕುರ್ಚಿ ಹಾಕ್ಕೊಂಡು ಕೂತಿರ್ತಾನಾ? ಅವನೂ ಪಕ್ಕದಲ್ಲೇ ಏದುಸಿರು ಬಿಡ್ತಾ ಬರ್ತಿರ್ತಾನೆ.”

ಓಟದ ದಿನ ಸೇತುವೆ ಮುಟ್ಟಿ ತಿರುಗಿದ್ದರು. ಇಸ್ತ್ರಿಯವನು ಪಕ್ಕದಲ್ಲೇ ದಾಟಿಕೊಂಡು ಹೋಗುತ್ತ, “ಏನ್ರೀ, ಮನೆ ಸಾಮಾನೂ ಎಳ್ಕೊಂಡು ಬಂದ್ರಾ?” ಎಂದ. ಟೈಲರ್ ನಕ್ಕುಬಿಟ್ಟ. ಗಡಿಯಾರದವನು ನಗಲಿಲ್ಲ. ಅವನ ಮಾತು ನಿಂತುಹೋಯಿತು. ಮುಂದಿನ ತಿರುವಿನವರೆಗೆ ಅಷ್ಟೇ, ಈ ಇಸ್ತ್ರಿಯವನನ್ನು ಹಿಂದೆ ಹಾಕಿ ವಾಪಸು ಬಂದರಾಯಿತು ಎಂದುಕೊಂಡು ಕುಣಿಕೆಯಿಂದ ಕೈ ಜಾರಿಸಿದ.

ವಾಪಸು ಹೋಗಲಿಲ್ಲ.

ಎಲ್ಲರೂ ಮುಗಿಸಿ ನೀರು ಕುಡಿಯುತ್ತಿದ್ದಾಗ ಯಾರೋ ಟೈಲರನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂದರು. ಮೊಣಕೈ ತರಚಿತ್ತು. ಪಟ್ಟಿ ಅವನ ಮುಷ್ಟಿಯಲ್ಲಿತ್ತು. ಗಡಿಯಾರದವನು ಬಾಯಿ ತೆರೆಯುವ ಮೊದಲೇ ಟೈಲರ್ ಜೋರಾಗಿ ಹೇಳಿದ: “ಹೊಲಿಗೆ ಬಿಟ್ಟುಹೋಯ್ತು ನೋಡಿ. ನೀನಾದ್ರೂ ಓಡು ಅಂತ ನಾನೇ ಕಳಿಸ್ದೆ.”

ಆಮೇಲೆ ಟೈಲರ್ ಮತ್ತೆ ಓಡಲಿಲ್ಲ. ಕೇಳಿದವರಿಗೆ ಮೊಣಕಾಲು ನೋವು ಎನ್ನುತ್ತಿದ್ದ.

*

“ಒಂಚೂರು ಬಾ ಇಲ್ಲಿ,” ಎಂದು ಅಕ್ಕ ಒಳಗಿನಿಂದ ಕರೆದಳು. ಮೆಷಿನ್ನಿಗೆ ಬಟ್ಟೆ ಹೊದಿಸಿತ್ತು. ಅವಳ ಕೈಯಲ್ಲಿ ಆ ಪಟ್ಟಿ ಇತ್ತು. ಒಂದು ಕುಣಿಕೆ ಗಟ್ಟಿಯಾಗಿ, ಇನ್ನೊಂದು ಬಿಚ್ಚಿ ಎಳೆ ಎಳೆಯಾಗಿ.

“ಅವರ ಜೊತೆಗೇ ಹೋಗ್ಲಿ.”

“ಅಕ್ಕಾ, ಅವತ್ತು…”

“ಅವತ್ತು ಸಂಜೆ ಇದೇ ಸ್ಟೂಲ್ ಮೇಲೆ ಕೂತು, ಬ್ಲೇಡ್ ತಗೊಂಡು, ತಡಕಿ ತಡಕಿ ಇದನ್ನ ಬಿಚ್ಚಿದ್ರು. ಬೆರಳೂ ಕುಯ್ಕೊಂಡ್ರು. ಯಾಕ್ರೀ, ಚೆನ್ನಾಗೇ ಇತ್ತಲ್ಲ ಅಂದೆ. ‘ಬಿಟ್ಟಿದೆ ಅಂತ ಹೇಳಿಬಿಟ್ಟಿದೀನಿ ಕಣೇ, ದೇವರ ಮುಂದೆ ಸುಳ್ಳಾಗಬಾರದಲ್ಲ’ ಅಂದ್ರು.”

ಅವನು ಮೆಷಿನ್ನಿನ ಅಂಚನ್ನು ಹಿಡಿದುಕೊಂಡ. “ಇಷ್ಟು ವರ್ಷ ಒಂದು ಮಾತು ಕೇಳ್ಲಿಲ್ವಲ್ಲ ಅಕ್ಕ.”

“ನೀನಾಗೇ ಹೇಳ್ತೀಯ ಅಂತ ಅವರು ಕಾದ್ರು. ನಾನೂ ಕಾದೆ.” ಅವಳು ಪಟ್ಟಿಯನ್ನು ಅವನ ಅಂಗೈಯಲ್ಲಿಟ್ಟಳು. “ಹೋಗು, ಎತ್ತೋ ಹೊತ್ತಾಯ್ತು.”

ಚಟ್ಟದ ಮುಂದಿನ ಎರಡು ಹೆಗಲು ಅವನದೂ ಇಸ್ತ್ರಿಯವನದೂ ಆದವು. ಬೀದಿಯ ತಿರುವಿನಲ್ಲಿ, ಹೊಸದಾಗಿ ಬಂದು ಸೇರಿಕೊಂಡವರೊಬ್ಬರಿಗೆ ಇಸ್ತ್ರಿಯವನು ಹೇಳುತ್ತಿದ್ದ: “ಎಂಥಾ ಕೈ ಅಂತೀರಿ. ಬಿಟ್ಟಿದ್ದು ಒಂದೇ ಒಂದು ಹೊಲಿಗೆ…”

“ಬಿಟ್ಟಿರ್ಲಿಲ್ಲ,” ಎಂದ ಗಡಿಯಾರದವನು.

“ಏನು?”

“ಹೊಲಿಗೆ ಬಿಟ್ಟಿರ್ಲಿಲ್ಲ. ನಾನೇ ಕೈ ಎಳ್ಕೊಂಡು ಓಡ್ದೆ. ನಿಮ್ಮನ್ನ ಹಿಂದೆ ಹಾಕೋಕೆ.”

ಇಸ್ತ್ರಿಯವನ ಹೆಜ್ಜೆ ತಪ್ಪಿ ಚಟ್ಟ ಒಂದು ಕಡೆಗೆ ವಾಲಿತು. ಹಿಂದಿನವರು ಹೆಗಲು ಸರಿಮಾಡಿಕೊಂಡರು.

ಗಟ್ಟಿ ಕುಣಿಕೆ ಸತ್ತವನ ಮಣಿಕಟ್ಟಿನಲ್ಲಿತ್ತು. ಬಿಚ್ಚಿದ ತುದಿಯನ್ನು ಗಡಿಯಾರದವನು ಅಂಗೈಗೆ ಸುತ್ತಿಕೊಂಡಿದ್ದ. ನೀರಿನ ಪೈಪಿಗೆಂದು ರಸ್ತೆ ಅಗೆದಿದ್ದ ಜಾಗ ಬಂದಾಗ, ಹಿಂದೆ ಬರುತ್ತಿದ್ದ ಮೇಷ್ಟ್ರಿಗೆ ಅವನ ದನಿ ಕೇಳಿಸಿತು.

“ಇಲ್ಲೊಂದು ಗುಂಡಿ ಇದೆ ಭಾವ. ಎಡಕ್ಕೆ… ಇನ್ನೂ ಸ್ವಲ್ಪ ಎಡಕ್ಕೆ. ನಿಧಾನ.”